ವೀಲ್‌ಚೇರ್ ಮೈಗೆ ಹೊಂದುತ್ತಿಲ್ಲವೇ? ದೋಷ ಎಲ್ಲಿದೆ ಎಂದು ಹುಡುಕುವ ಬಗೆ

ಹೊಸ ವೀಲ್‌ಚೇರ್ ಮನೆಗೆ ಬಂದಿದೆ. ಕೂತವರು ಅರ್ಧ ಗಂಟೆಗೆಲ್ಲ ಕೆಳಕ್ಕೆ ಜಾರುತ್ತಾರೆ, ಇಲ್ಲವೇ ಒಂದು ಪಕ್ಕಕ್ಕೆ ವಾಲುತ್ತಾರೆ. ಹೆಗಲು ನೋವು, ಪಾದ ಊತ, ಕೂತಲ್ಲಿ ಉರಿ ಅನ್ನುತ್ತಾರೆ. ಸುತ್ತಲಿದ್ದವರು "ಸ್ವಲ್ಪ ನೆಟ್ಟಗೆ ಕೂತ್ಕೊಳಪ್ಪ", "ಅಭ್ಯಾಸ ಆಗುತ್ತೆ ಬಿಡಮ್ಮ" ಎಂದು ಸಮಾಧಾನ ಹೇಳುತ್ತಾರೆ. ಆದರೆ ಅಳತೆ ತಪ್ಪಿದ ಕುರ್ಚಿಗೆ ಅಭ್ಯಾಸವಾಗುತ್ತಾ ಹೋದಂತೆ ಬೆನ್ನು ಸೊಟ್ಟಗಾಗುತ್ತದೆ, ಚರ್ಮ ಒಡೆಯುತ್ತದೆ, ಹೆಗಲ ಕೀಲು ಸವೆಯುತ್ತದೆ. ಕೂತವರನ್ನು ತಿದ್ದುವ ಮೊದಲು ಕುರ್ಚಿಯನ್ನು ತಪಾಸಣೆ ಮಾಡಿ.

ನಮ್ಮ ಊರುಗಳಲ್ಲಿ ಸರ್ಜಿಕಲ್ ಅಂಗಡಿಯಲ್ಲೋ ದಾನಿಗಳ ಶಿಬಿರದಲ್ಲೋ ಸಿಗುವ ಕುರ್ಚಿ ಹೆಚ್ಚುಕಡಿಮೆ ಒಂದೇ ಬಗೆಯದು: 18 ಇಂಚು ಅಗಲದ ರೆಕ್ಸಿನ್ ಸೀಟು, ಹಿಂದೆ 24 ಇಂಚಿನ ಚಕ್ರ, ಮುಂದೆ 8 ಇಂಚಿನ ಚಿಕ್ಕ ಚಕ್ರ, ಸೀಟಿನಡಿ ಅಡ್ಡಕ್ಕೆ ಹಾಯ್ದ ಎರಡು ಪೈಪುಗಳ ಮಡಚುವ ಚೌಕಟ್ಟು. ಆಸ್ಪತ್ರೆಯಲ್ಲಿ ಒಬ್ಬರನ್ನು ವಾರ್ಡಿನಿಂದ ಎಕ್ಸ್‌ರೇ ಕೋಣೆಗೆ ತಳ್ಳಿಕೊಂಡು ಹೋಗಲು ಅದು ಸಾಕು. ಬೆಳಗ್ಗೆ ಕೂತು ರಾತ್ರಿ ಇಳಿಯುವವರಿಗೆ, ತಾವೇ ತಳ್ಳಿಕೊಂಡು ಓಡಾಡುವವರಿಗೆ ಅದು ಹಾಗ್ಹಾಗೇ ಹೊಂದುವುದು ಅಪರೂಪ. ಈ ಬರಹ ಮುಖ್ಯವಾಗಿ ಅಂಥ ಕುರ್ಚಿ ಇಟ್ಟುಕೊಂಡಿರುವವರಿಗೆ. ಎಷ್ಟನ್ನು ಮನೆಯಲ್ಲೇ ಸರಿಮಾಡಬಹುದು, ಎಲ್ಲಿ ನಿಲ್ಲಿಸಿ ತಿಳಿದವರನ್ನು ಕರೆಯಬೇಕು ಎಂಬುದನ್ನು ಹೇಳುತ್ತೇನೆ.

ಕಾಯಬಾರದ ಎರಡು ಲಕ್ಷಣ

ಅಳತೆ ಟೇಪು ತೆಗೆಯುವ ಮೊದಲು ಚರ್ಮ ನೋಡಿ. ಕುರ್ಚಿಯಿಂದ ಇಳಿಸಿ ಮಲಗಿಸಿದಾಗ ಪೃಷ್ಠ, ಬೆನ್ನಿನ ತುದಿ, ಸೊಂಟದ ಪಕ್ಕ, ಹಿಮ್ಮಡಿ ಇಲ್ಲೆಲ್ಲ ಬಣ್ಣ ಬದಲಾಗಿದೆಯೇ? ಬೆರಳಿನಿಂದ ಒತ್ತಿ ಬಿಡಿ. ಒತ್ತಿದಲ್ಲಿ ಬಿಳಿಚಿಕೊಂಡು ಮತ್ತೆ ಬಣ್ಣ ಬಂದರೆ ರಕ್ತ ಓಡಾಡುತ್ತಿದೆ ಎಂದರ್ಥ. ಬಿಳಿಚದೆ ಹಾಗೇ ಉಳಿದರೆ ಒತ್ತಡದ ಹುಣ್ಣು ಆಗಲೇ ಶುರುವಾಗಿದೆ. ನಮ್ಮ ಕಂದು ಮೈಬಣ್ಣದಲ್ಲಿ ಕೆಂಪು ಎದ್ದು ಕಾಣುವುದಿಲ್ಲ. ಸುತ್ತಲಿನ ಚರ್ಮಕ್ಕಿಂತ ಕಪ್ಪಾಗಿ ಅಥವಾ ನೇರಳೆಯಾಗಿ ಕಾಣುವ ಜಾಗ, ಮುಟ್ಟಿದರೆ ಬಿಸಿ ಅಥವಾ ಗಟ್ಟಿ ಅನ್ನಿಸುವ ಜಾಗ, ಇವನ್ನೇ ಗುರುತಾಗಿ ಹಿಡಿಯಿರಿ. ಕಲೆ ಪೂರ್ತಿ ಮಾಯವಾಗುವವರೆಗೆ ಆ ಜಾಗದ ಮೇಲೆ ಭಾರ ಬೀಳಬಾರದು, ಅಂದರೆ ಕೂರಿಸುವಂತಿಲ್ಲ. ಚರ್ಮ ಬಿರಿದಿದ್ದರೆ ಅವತ್ತೇ ವೈದ್ಯರಿಗೆ ತೋರಿಸಿ.

ಎರಡನೆಯದು ಬೆನ್ನುಹುರಿಗೆ ಪೆಟ್ಟಾದವರಿಗೆ, ಅದರಲ್ಲೂ ಎದೆಯ ನಡುಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಪೆಟ್ಟಾದವರಿಗೆ ಸಂಬಂಧಿಸಿದ್ದು. ಕೂತಿದ್ದಾಗ ದಿಢೀರನೆ ತಲೆ ಸಿಡಿಯುವ ನೋವು, ಮುಖ ಕೆಂಪಾಗಿ ಬೆವರು, ಮೈಯಲ್ಲಿ ನವಿರೇಳುವುದು ಕಂಡರೆ ರಕ್ತದೊತ್ತಡ ಏರುತ್ತಿರಬಹುದು. ನೆಟ್ಟಗೆ ಕೂರಿಸಿ, ಸೊಂಟಪಟ್ಟಿ, ಪ್ಯಾಂಟಿನ ಗುಂಡಿ, ಕಾಲಿನ ಪಟ್ಟಿ ಸಡಿಲಿಸಿ, ಮೂತ್ರದ ಕ್ಯಾತಿಟರ್ ನಳಿಕೆ ಮಡಚಿಕೊಂಡಿದೆಯೇ ನೋಡಿ. ಹೆಚ್ಚಾಗಿ ಮೂತ್ರಕೋಶ ತುಂಬಿರುವುದು ಕಾರಣ. ಆದರೆ ತೊಡೆಯ ಕೆಳಗೆ ಸಿಕ್ಕಿಕೊಂಡ ಒಂದು ಸ್ಪ್ಯಾನರ್, ಬಿಗಿಯಾದ ಪಕ್ಕದ ತಗಡು ಕೂಡ ಹೀಗೆ ಮಾಡಬಲ್ಲದು, ಯಾಕೆಂದರೆ ಅವರಿಗೆ ಆ ನೋವು ಗೊತ್ತಾಗುವುದೇ ಇಲ್ಲ. ಈ ಲಕ್ಷಣಗಳು ಕೂಡಲೇ ಇಳಿಯದಿದ್ದರೆ ಆಸ್ಪತ್ರೆಗೆ ಓಡಬೇಕು.

ಕಟ್ಟೆಯ ಮೇಲಿನ ಪರೀಕ್ಷೆ

ದೋಷ ಮೈಯಲ್ಲಿದೆಯೋ ಕುರ್ಚಿಯಲ್ಲಿದೆಯೋ ಎಂದು ಬೇರ್ಪಡಿಸಲು ಒಂದು ಸರಳ ದಾರಿ ಇದೆ. ಇದನ್ನು ಬಿಟ್ಟು ಮುಂದೆ ಹೋದರೆ ಉಳಿದದ್ದೆಲ್ಲ ಅಂದಾಜು.

ಅವರನ್ನು ಗಟ್ಟಿಯಾದ, ಸಮತಟ್ಟಾದ ಬೆಂಚಿನ ಮೇಲೋ ಜಗಲಿ ಕಟ್ಟೆಯ ಮೇಲೋ ದಪ್ಪ ಕಂಬಳಿ ಹಾಸಿ ಕೂರಿಸಿ. ಪಾದ ನೆಲ ಮುಟ್ಟಬೇಕು. ಮುಟ್ಟದಿದ್ದರೆ ಮಣೆ ಕೊಡಿ. ಒಬ್ಬರು ಮುಂದೆ ನಿಂತು ಬೀಳದಂತೆ ಕಾಯಲಿ, ಇನ್ನೊಬ್ಬರು ಹಿಂದೆ ಕೂತು ಎರಡೂ ಅಂಗೈಗಳಿಂದ ಸೊಂಟದ ಮೂಳೆಯನ್ನು ಪಕ್ಕದಿಂದ ಹಿಡಿಯಲಿ. ಎಡ ಬಲ ಒಂದೇ ಎತ್ತರಕ್ಕೆ ಬರುವಂತೆ, ಹಿಂದಕ್ಕೆ ಮಗುಚಿದ ಸೊಂಟ ನೆಟ್ಟಗಾಗುವಂತೆ ಮೆಲ್ಲಗೆ ಆಸರೆ ಕೊಡಿ. ಬಲ ಹಾಕುವಂತಿಲ್ಲ. ಆಸರೆ ಸಿಕ್ಕ ಕೂಡಲೇ ಬೆನ್ನು ನೆಟ್ಟಗಾಗಿ ತಲೆ ನಡುವಿಗೆ ಬಂತೇ? ಹಾಗಾದರೆ ಆ ಮೈ ನೆಟ್ಟಗೆ ಕೂರಬಲ್ಲದು. ನಿಮ್ಮ ಕೈ ಕೊಟ್ಟ ಆಸರೆಯನ್ನು ಕುರ್ಚಿ ಕೊಡುತ್ತಿಲ್ಲ ಅಷ್ಟೇ. ಎಷ್ಟು ಆಸರೆ ಕೊಟ್ಟರೂ ಸೊಂಟ ಒಂದಿಷ್ಟೂ ಅಲುಗದೆ ಸೊಟ್ಟಗೇ ಉಳಿದರೆ ಕೀಲು ಬಿಗಿದುಕೊಂಡಿದೆ. ಅಂಥವರ ಕುರ್ಚಿಯನ್ನು ಫಿಸಿಯೋಥೆರಪಿಸ್ಟ್ ಇಲ್ಲದೆ ತಿದ್ದಲು ಹೋಗಬೇಡಿ.

ಕಟ್ಟೆಯ ಮೇಲೆ ಕೂತಿರುವಾಗಲೇ ಅಳತೆ ತೆಗೆದುಬಿಡಿ. ಟೇಪನ್ನು ಮೈಗೆ ಸುತ್ತಬೇಡಿ. ಎರಡೂ ಪಕ್ಕ ರಟ್ಟಿನ ಪುಸ್ತಕ ನಿಲ್ಲಿಸಿ ನಡುವಿನ ದೂರವನ್ನು ನೇರವಾಗಿ ಅಳೆಯಿರಿ. ಬೇಕಾದದ್ದು ನಾಲ್ಕು: ಸೊಂಟದ ಅಗಲ, ಪೃಷ್ಠದ ಹಿಂಭಾಗದಿಂದ ಮೊಣಕಾಲಿನ ಹಿಂಬದಿಯವರೆಗಿನ ಉದ್ದ (ಎಡ ಬಲ ಎರಡೂ), ಮೊಣಕಾಲ ಹಿಂಬದಿಯಿಂದ ಹಿಮ್ಮಡಿಯವರೆಗೆ, ಕೂತ ಜಾಗದಿಂದ ಬೆನ್ನ ಮೇಲಿನ ಚಪ್ಪಟೆ ಹೆಗಲ ಮೂಳೆಯ ಕೆಳತುದಿಯವರೆಗೆ. ಹಿಮ್ಮಡಿ ಅಳೆಯುವಾಗ ದಿನಾ ಹಾಕುವ ಚಪ್ಪಲಿ ಕಾಲಲ್ಲಿರಲಿ. ಬರಿಗಾಲಲ್ಲಿ ಕೂರುವವರಾದರೆ ಬರಿಗಾಲಲ್ಲೇ ಅಳೆಯಿರಿ.

ಇನ್ನೊಂದು ಮಾತು: ಮುಂದೆ ಹೇಳುವ ಬದಲಾವಣೆಗಳನ್ನು ಒಂದೊಂದಾಗಿ ಮಾಡಿ, ನಡುವೆ ಒಂದೆರಡು ದಿನ ಬಿಟ್ಟು ನೋಡಿ. ಒಟ್ಟಿಗೇ ಮೂರನ್ನು ಬದಲಿಸಿದರೆ ಯಾವುದರಿಂದ ಗುಣವಾಯಿತು, ಯಾವುದರಿಂದ ಹೊಸ ನೋವು ಬಂತು ಎಂದು ಗೊತ್ತಾಗುವುದಿಲ್ಲ.

ಮುಂದಕ್ಕೆ ಜಾರುತ್ತಾರೆ

ಅತಿ ಹೆಚ್ಚು ಕೇಳಿಬರುವ ದೂರು ಇದೇ. ಮನೆಯವರು ಕಂಡುಕೊಳ್ಳುವ ಪರಿಹಾರ ಎದೆಗೆ ಟವೆಲ್ ಬಿಗಿಯುವುದು. ದಯವಿಟ್ಟು ಬೇಡ. ಸೊಂಟ ಜಾರುತ್ತಲೇ ಇರುತ್ತದೆ, ಕಟ್ಟಿದ ಟವೆಲ್ ಮೇಲೇರಿ ಕುತ್ತಿಗೆಗೆ ಬರುತ್ತದೆ.

ಜಾರಲು ನಾಲ್ಕು ಕಾರಣ ಇರಬಹುದು, ಈ ಕ್ರಮದಲ್ಲೇ ನೋಡಿ.

ಮೊದಲು ಸೀಟಿನ ಆಳ. ಸೊಂಟವನ್ನು ಪೂರ್ತಿ ಹಿಂದಕ್ಕೆ ತಳ್ಳಿ ಕೂರಿಸಿ, ಮೊಣಕಾಲಿನ ಹಿಂಬದಿಗೂ ಸೀಟಿನ ಮುಂದಿನ ಅಂಚಿಗೂ ನಡುವೆ ಎರಡು ಬೆರಳು ಇಳಿಸಿ. ಸಲೀಸಾಗಿ ಇಳಿಯಬೇಕು. ಅಳತೆಯಲ್ಲಿ ಹೇಳುವುದಾದರೆ ಪೃಷ್ಠದಿಂದ ಮೊಣಕಾಲಿನವರೆಗಿನ ಉದ್ದಕ್ಕಿಂತ ಸೀಟು 3ರಿಂದ 6 ಸೆಂ.ಮೀ. ಗಿಡ್ಡ ಇರಬೇಕು. ಅಂಗಡಿ ಕುರ್ಚಿಯ ಸೀಟು ಸುಮಾರು 16-17 ಇಂಚು ಆಳ ಇರುತ್ತದೆ. ಗಿಡ್ಡ ಮೈಕಟ್ಟಿನ ಹೆಂಗಸರಿಗೆ ಅಂಚು ನೇರವಾಗಿ ಮೀನಖಂಡಕ್ಕೆ ಒತ್ತುತ್ತದೆ. ಒತ್ತು ತಪ್ಪಿಸಿಕೊಳ್ಳಲು ಸೊಂಟ ಮುಂದಕ್ಕೆ ಸರಿಯುತ್ತದೆ, ಬೆನ್ನು ಗೂನಾಗುತ್ತದೆ. ಪರಿಹಾರ: ಬೆನ್ನಿನ ಹಿಂದೆ ಗಟ್ಟಿಯಾದ ಪ್ಯಾಡ್. ತೆಳು ಪ್ಲೈವುಡ್ಡಿಗೆ ಒಂದಿಂಚು ಫೋಮ್ ಅಂಟಿಸಿ ಬಟ್ಟೆ ಹೊದಿಸಿ ಹಿಂದಿನ ಪೈಪುಗಳಿಗೆ ಪಟ್ಟಿ ಹಾಕಿ ಬಿಗಿದರೆ ಆಳ ಅಷ್ಟು ಕಡಿಮೆಯಾಗುತ್ತದೆ. ಮೆತ್ತನೆ ದಿಂಬು ಇಟ್ಟರೆ ಹತ್ತು ನಿಮಿಷಕ್ಕೆ ಮೇಲೇರಿಬಿಡುತ್ತದೆ, ಪ್ರಯೋಜನವಿಲ್ಲ. ಪ್ಯಾಡ್ ಇಟ್ಟಾಗ ಕೂತವರು ಹಿಂದಿನ ಚಕ್ರದಿಂದ ದೂರ ಸರಿಯುವುದರಿಂದ ತಳ್ಳಲು ತುಸು ಭಾರವಾಗುತ್ತದೆ. ತಾವೇ ತಳ್ಳಿಕೊಳ್ಳುವವರಿಗೆ ಇದು ತಾತ್ಕಾಲಿಕ ಉಪಾಯ ಅಷ್ಟೇ, ಸರಿಯಾದ ಆಳದ ಕುರ್ಚಿಯನ್ನೇ ಹುಡುಕಬೇಕು.

ಎರಡನೆಯದು ಪಾದದ ಆಸರೆ. ಪಾದ ಊದಿದೆ ಎಂದು ಫುಟ್‌ರೆಸ್ಟನ್ನು ಮುಂದಕ್ಕೆತ್ತಿ ಕಾಲು ಚಾಚಿಸುತ್ತಾರೆ. ತೊಡೆಯ ಹಿಂದಿನ ಸ್ನಾಯು ಸೊಂಟದ ಮೂಳೆಯಿಂದ ಹೊರಟು ಮೊಣಕಾಲು ದಾಟಿ ಹೋಗುತ್ತದೆ. ಅದು ಬಿಗಿಯಾಗಿರುವವರ ಕಾಲನ್ನು ಚಾಚಿದರೆ ಸೊಂಟವನ್ನೇ ಎಳೆದು ಹಿಂದಕ್ಕೆ ಮಗುಚುತ್ತದೆ, ಆಮೇಲೆ ಜಾರಿಕೆ ತಪ್ಪಿದ್ದಲ್ಲ. ಕಟ್ಟೆಯ ಮೇಲೆಯೇ ಪರೀಕ್ಷಿಸಿ: ಒಬ್ಬರು ಸೊಂಟ ಹಿಡಿದಿರಲಿ, ಇನ್ನೊಬ್ಬರು ಕಾಲನ್ನು ಮೆಲ್ಲಗೆ ಚಾಚಲಿ. ಸೊಂಟ ಅಲುಗಲು ಶುರುವಾದ ಹಂತಕ್ಕಿಂತ ಹಿಂದೆಯೇ ಪಾದ ನಿಲ್ಲಬೇಕು. ಊತಕ್ಕೆ ಹಾಸಿಗೆಯಲ್ಲಿ ಮಲಗಿಸಿ ಕಾಲೆತ್ತಿ ಇಡುವುದು ವಾಸಿ. ಊತ ಇಳಿಯದೇ ಇದ್ದರೆ, ಒಂದೇ ಕಾಲಿಗೆ ಬಂದಿದ್ದರೆ ವೈದ್ಯರು ನೋಡಬೇಕು.

ಮೂರನೆಯದು ಸೀಟಿನ ಬಟ್ಟೆ ಇಳಿಬಿದ್ದಿರುವುದು. ಇದನ್ನು ಮುಂದೆ ಬಿಡಿಸಿ ಹೇಳುತ್ತೇನೆ. ನಾಲ್ಕನೆಯದು ಬೆನ್ನಾಸರೆ. ಲಂಬಕೋನದಲ್ಲಿ ನೆಟ್ಟಗಿದ್ದು ಹೆಗಲವರೆಗೂ ಬಿಗಿಯಾಗಿದ್ದರೆ ಅದು ಮೇಲ್ಬೆನ್ನನ್ನು ಮುಂದಕ್ಕೆ ನೂಕುತ್ತದೆ, ಬೀಳುವ ಭಯಕ್ಕೆ ಮೈ ಸೊಂಟವನ್ನು ಮುಂದಕ್ಕೆ ತಂದು ಸಮತೋಲ ಹುಡುಕುತ್ತದೆ.

ಶಿರಸಿ ಕಡೆಯ ಒಂದು ಮನೆ. ಅಡಿಕೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾದ ಹುಡುಗ, ಸೊಂಟದ ಅಗಲ ಹದಿನಾಲ್ಕು ಇಂಚೂ ಇರಲಿಲ್ಲ, ಕೂತದ್ದು 18 ಇಂಚಿನ ಕುರ್ಚಿಯಲ್ಲಿ. ಎರಡೂ ಪಕ್ಕ ನಾಲ್ಕು ಬೆರಳು ಖಾಲಿ. "ಇವ ಕೂತಲ್ಲಿ ಕೂರ್ತ್ನೇ ಇಲ್ಲೆ" ಎಂದು ಅವನ ತಾಯಿಗೆ ಸಂಕಟ. ಟವೆಲ್ ಬಿಚ್ಚಿ ಜಗಲಿ ಕಟ್ಟೆಯ ಮೇಲೆ ಕೂರಿಸಿ ಸೊಂಟ ಹಿಡಿದರೆ ಹುಡುಗ ನೆಟ್ಟಗೆ ಕೂತ. ಅಂದರೆ ಹುಡುಕಬೇಕಾದ್ದು ಕುರ್ಚಿಯಲ್ಲೇ. ರೆಕ್ಸಿನ್ ನಡುವೆ ಅಂಗೈ ದಪ್ಪದಷ್ಟು ಇಳಿದಿತ್ತು. ಫುಟ್‌ರೆಸ್ಟ್ ಎಷ್ಟು ಕೆಳಗಿತ್ತೆಂದರೆ ಪಾದವನ್ನು ಅದಕ್ಕೆ ಮುಟ್ಟಿಸಲೆಂದೇ ಅವನು ಮುಂದೆ ಸರಿಯಬೇಕಿತ್ತು. ಮೊದಲ ದಿನ ಫುಟ್‌ರೆಸ್ಟ್ ಮಾತ್ರ ಎತ್ತರಿಸಿದೆವು, ಜಾರಿಕೆ ಅರ್ಧ ಕಡಿಮೆಯಾಯಿತು. ಆಮೇಲೆ ಸೀಟಿಗೆ ಹಲಗೆ ಮತ್ತು ಕುಶನ್, ಸೊಂಟದ ಎರಡೂ ಪಕ್ಕ ಸಮ ದಪ್ಪದ ಫೋಮ್. ಟವೆಲ್ ಮತ್ತೆ ಬೇಕಾಗಲಿಲ್ಲ. ಆದರೆ ಚಕ್ರ ತೋಳಿಗೆ ದೂರವೇ ಉಳಿಯಿತು. ಅದಕ್ಕೆ ಕಿರಿದಾದ ಕುರ್ಚಿಯೊಂದೇ ದಾರಿ.

ಒಂದು ಪಕ್ಕಕ್ಕೆ ವಾಲುತ್ತಾರೆ

ಕುರ್ಚಿಯನ್ನು ಖಾಲಿ ಮಾಡಿ ಸೀಟಿನ ಎರಡು ಪೈಪುಗಳ ಮೇಲೆ ಅಡ್ಡಲಾಗಿ ಒಂದು ನೇರ ಕೋಲನ್ನಿಟ್ಟು ನಡುವೆ ಎಷ್ಟು ಇಳಿದಿದೆ ನೋಡಿ. ಹೊಸತರಲ್ಲಿ ಬಿಗಿಯಾಗಿದ್ದ ರೆಕ್ಸಿನ್ ತಿಂಗಳುಗಳಲ್ಲಿ ಜೋಲಿಯಂತೆ ಇಳಿಬೀಳುತ್ತದೆ. ಆಗ ತೊಡೆಗಳು ಒಳಕ್ಕೆ ಮಡಚಿ ಮೊಣಕಾಲು ಒಂದಕ್ಕೊಂದು ತಿಕ್ಕುತ್ತವೆ, ಸೊಂಟ ಯಾವುದಾದರೂ ಒಂದು ಪಕ್ಕಕ್ಕೆ ಉರುಳಿ ಅಲ್ಲೇ ನಿಲ್ಲುತ್ತದೆ. ಅದರ ಮೇಲೆ ಎಷ್ಟೇ ಬೆಲೆಯ ಕುಶನ್ ಹಾಕಿದರೂ ಕುಶನ್ನೂ ಅದೇ ಆಕಾರಕ್ಕೆ ಬಾಗುತ್ತದೆ. ಹೊಸ ಕುಶನ್ ತಂದರೂ ಗುಣ ಕಾಣಲಿಲ್ಲ ಅನ್ನುವವರು ಮೊದಲು ನೋಡಬೇಕಾದ್ದು ಇದನ್ನೇ.

ಎರಡು ದಾರಿ ಇದೆ. ಆಟೋ, ಬೈಕ್ ಸೀಟು ಹೊಲಿಯುವ ಅಂಗಡಿಯಲ್ಲಿ ರೆಕ್ಸಿನ್ ಬದಲಿಸಿ ಬಿಗಿಯಾಗಿ ಹೊಲಿಸಬಹುದು. ಒಳಗೆ ಇಳಿಯದ ದಪ್ಪ ಪಟ್ಟಿ ಕೊಡಲು ಹೇಳಿ. ಅಥವಾ 8-9 ಮಿ.ಮೀ. ಪ್ಲೈವುಡ್ಡನ್ನು ಸೀಟಿನ ಅಳತೆಗೆ ಕೊಯ್ಸಿ, ಮೂಲೆ ಉರುಟು ಮಾಡಿ, ಎರಡೂ ಪೈಪುಗಳ ಮೇಲೆ ಕೂರುವಂತೆ ಇಟ್ಟು ಸರಿಯದಂತೆ ವೆಲ್ಕ್ರೋ ಹಾಕಿ. ಕುರ್ಚಿ ಮಡಚುವಾಗ ತೆಗೆಯಬೇಕು. ಹಲಗೆಯ ಮೇಲೆ ಕುಶನ್ ಕಡ್ಡಾಯ. ಬರಿಯ ಹಲಗೆ, ಅಥವಾ ಹಲಗೆಯ ಮೇಲೊಂದು ಮಡಚಿದ ಬೆಡ್‌ಶೀಟ್, ಒಂದೇ ದಿನದಲ್ಲಿ ಹುಣ್ಣು ತರಬಲ್ಲದು.

ಸೀಟು ಬಿಗಿಯಾಗಿದ್ದೂ ವಾಲುತ್ತಿದ್ದರೆ ಅಗಲ ನೋಡಿ. ಸೊಂಟಕ್ಕೂ ಪಕ್ಕದ ತಗಡಿಗೂ ನಡುವೆ ಚಪ್ಪಟೆ ಅಂಗೈ ಹೋಗುವಷ್ಟು ಜಾಗ ಸಾಕು. ಅದಕ್ಕಿಂತ ಹೆಚ್ಚು ಇದ್ದರೆ ಒಂದು ಕೈಯಾಸರೆಗೆ ಒರಗಿಕೊಳ್ಳುವುದು ಸಹಜ. ಎರಡೂ ಪಕ್ಕ ಸಮ ದಪ್ಪದ ಫೋಮ್ ಕೊಡಿ. ಲಕ್ವ ಹೊಡೆದವರು ಹೆಚ್ಚಾಗಿ ಶಕ್ತಿ ಇಲ್ಲದ ಪಕ್ಕಕ್ಕೆ ವಾಲುತ್ತಾರೆ. ಆ ಕೈಗೆ ಸರಿಯಾದ ಎತ್ತರದ ಆಸರೆ ಇಲ್ಲದಿದ್ದರೆ ಕೈಯ ಭಾರವೇ ಹೆಗಲ ಕೀಲನ್ನು ಕೆಳಕ್ಕೆಳೆಯುತ್ತದೆ. ಕೈಯಾಸರೆ ತೀರಾ ಮೇಲಿದ್ದರೆ ಹೆಗಲು ಕಿವಿಗೇರಿದಂತೆ ಕಾಣುತ್ತದೆ, ತೀರಾ ಕೆಳಗಿದ್ದರೆ ಅದನ್ನು ಮುಟ್ಟಲು ಮೈಯೇ ಬಾಗುತ್ತದೆ. ಹೆಗಲು ಸಡಿಲ ಬಿಟ್ಟಾಗ ಮೊಣಕೈ ಹಗುರವಾಗಿ ಕೂರುವ ಎತ್ತರ ಸರಿಯಾದದ್ದು.

ಸೊಂಟ ಒಂದು ಪಕ್ಕ ತಗ್ಗಿದವರಿಗೆ ಕುಶನ್ ಕೆಳಗೆ ಏನನ್ನಾದರೂ ಇಟ್ಟು ಎತ್ತರಿಸಬೇಕೆಂದು ತೋಚುತ್ತದೆ. ಯಾವ ಪಕ್ಕ ಎಂಬುದರಲ್ಲೇ ಎಲ್ಲ ಇದೆ. ಕಟ್ಟೆಯ ಪರೀಕ್ಷೆಯಲ್ಲಿ ಸೊಂಟ ಸಮವಾಗಿದ್ದರೆ ತಗ್ಗಿದ ಪಕ್ಕವನ್ನು ಎತ್ತರಿಸಬೇಕು. ಸೊಂಟ ಬಿಗಿದುಕೊಂಡಿದ್ದರೆ ತದ್ವಿರುದ್ಧ: ಮೇಲಕ್ಕಿರುವ ಪಕ್ಕದ ಕೆಳಗಿನ ಖಾಲಿ ಜಾಗವನ್ನು ತುಂಬಬೇಕು, ಆಗಲೇ ಭಾರ ಎರಡೂ ಕಡೆ ಹಂಚಿಹೋಗುತ್ತದೆ. ಬಿಗಿದುಕೊಂಡ ಸೊಂಟದ ತಗ್ಗಿದ ಪಕ್ಕಕ್ಕೆ ಎತ್ತರ ಕೊಟ್ಟರೆ ಮೊದಲೇ ಭಾರ ಹೊತ್ತ ಮೂಳೆಯ ಮೇಲೆ ಇನ್ನಷ್ಟು ಒತ್ತಡ ಬೀಳುತ್ತದೆ. ಬಿಗಿದ ಸೊಂಟದ ಕೆಲಸವನ್ನು ಥೆರಪಿಸ್ಟ್‌ಗೆ ಬಿಡಿ.

ಕೂತಲ್ಲಿ ಉರಿ, ಕಪ್ಪು ಕಲೆ

ಪೃಷ್ಠದ ಮಾಂಸದೊಳಗೆ ಎಡಕ್ಕೊಂದು ಬಲಕ್ಕೊಂದು ಕೂರುವ ಮೂಳೆ ಇದೆ. ಮೈಭಾರದ ಬಹುಪಾಲು ಆ ಎರಡು ಸಣ್ಣ ಜಾಗಗಳ ಮೇಲೆ ನಿಲ್ಲುತ್ತದೆ. ಕುಶನ್ ಆ ಭಾರವನ್ನು ತೊಡೆಯುದ್ದಕ್ಕೂ ಹಂಚಬೇಕು. ಹಂಚುತ್ತಿದೆಯೇ ಎಂದು ತಿಳಿಯಲು ದುಬಾರಿ ಯಂತ್ರ ಬೇಡ, ಬೆರಳ ತುದಿ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ವೀಲ್‌ಚೇರ್ ತರಬೇತಿಯಲ್ಲಿ ಕಲಿಸುವ ಪರೀಕ್ಷೆ ಇದು.

ಮೊದಲೇ ಹೇಳಿ ಒಪ್ಪಿಗೆ ಪಡೆಯಿರಿ. ಹೆಂಗಸರಿಗೆ ಹೆಂಗಸರೇ ಮಾಡಲಿ. ಉಗುರು ಕತ್ತರಿಸಿರಲಿ, ಉಂಗುರ ತೆಗೆದಿರಲಿ. ಅವರನ್ನು ತುಸು ಮುಂದಕ್ಕೆ ಬಾಗಿಸಿ, ಅಂಗೈ ಮೇಲ್ಮುಖವಾಗಿ ಬೆರಳುಗಳನ್ನು ಕುಶನ್ ಮತ್ತು ಪೃಷ್ಠದ ನಡುವೆ ಜಾರಿಸಿ ಕೂರುವ ಮೂಳೆಯ ಕೆಳಗೆ ತನ್ನಿ. ಆಮೇಲೆ ಅವರು ನೆಟ್ಟಗೆ ಕೂತು ಕೈಯನ್ನು ತೊಡೆಯ ಮೇಲಿಟ್ಟು ಎದುರಿಗೆ ನೋಡಲಿ. ಬೆರಳ ತುದಿಯನ್ನು ಮೇಲೆ ಕೆಳಗೆ 5 ಮಿ.ಮೀ.ನಷ್ಟು ಆಡಿಸಲು ಆದರೆ ಕುಶನ್ ಸರಿಯಾಗಿದೆ. ಆಡಿಸಲಾಗದು, ಆದರೆ ಬೆರಳು ಸಲೀಸಾಗಿ ಹೊರಬರುತ್ತದೆ ಅಂದರೆ ಎಚ್ಚರಿಕೆಯ ಹಂತ. ಬೆರಳು ನಜ್ಜಿದಂತಾಗಿ ಎಳೆದುಕೊಳ್ಳುವುದೇ ಕಷ್ಟ ಅನ್ನಿಸಿದರೆ ಆ ಕುಶನ್ ಮೇಲೆ ಕೂರಿಸಬಾರದು. ಎರಡೂ ಪಕ್ಕ ಬೇರೆಬೇರೆಯಾಗಿ ನೋಡಿ. ಒಂದು ಪಕ್ಕ ಮಾತ್ರ ಬಿಗಿ ಇದ್ದರೆ ಸೊಂಟ ಅತ್ತ ತಗ್ಗಿದೆ ಎಂಬ ಸುಳಿವೂ ಸಿಕ್ಕಿತು.

ಬೆರಳು ಸಿಕ್ಕಿಕೊಂಡರೆ ಕುಶನ್ ಸೋತಿದೆ. ಫೋಮ್ ಕಾಲಕ್ರಮದಲ್ಲಿ ಸತ್ತುಹೋಗುತ್ತದೆ, ಹೊರಗಿನ ಕವರ್ ಹೊಸದಾಗಿಯೇ ಕಾಣುತ್ತದೆ. ಕವರ್ ಬಿಚ್ಚಿ ಹೆಬ್ಬೆರಳಲ್ಲಿ ಒತ್ತಿ ನೋಡಿ, ಗುಳಿ ಹಾಗೇ ನಿಂತರೆ ಬದಲಿಸಿ. ಗಾಳಿ ತುಂಬುವ ಕುಶನ್ ಆದರೆ ಕೂರುವ ಮೂಳೆಗೂ ತಳಕ್ಕೂ ನಡುವೆ ಒಂದೂವರೆಯಿಂದ ಎರಡೂವರೆ ಸೆಂ.ಮೀ. ಗಾಳಿ ಉಳಿದಿರಬೇಕು. ಕಡಿಮೆಯಾದರೆ ಮೂಳೆ ತಳ ಮುಟ್ಟುತ್ತದೆ, ಹೆಚ್ಚಾದರೆ ಚೆಂಡಿನ ಮೇಲೆ ಕೂತ ಹಾಗೆ ಮೈ ಓಲಾಡುತ್ತದೆ. ಮಂಗಳೂರಿನಲ್ಲಿ ಹೊಂದಿಸಿದ ಗಾಳಿ ಮಡಿಕೇರಿಗೆ ಹತ್ತುವಷ್ಟರಲ್ಲಿ ಹಿಗ್ಗಿ ಬಿಗಿಯಾಗಿರುತ್ತದೆ. ಘಟ್ಟ ಹತ್ತಿ ಇಳಿದಾಗಲೆಲ್ಲ ಮತ್ತೆ ನೋಡಬೇಕು. ನಡುವೆ ತೂತಿರುವ ಉಂಗುರದ ಟ್ಯೂಬ್ ಅಂಗಡಿಯಲ್ಲಿ ಧಾರಾಳವಾಗಿ ಕೊಡುತ್ತಾರೆ, ತರಬೇಡಿ. ಸುತ್ತಲ ಅಂಚು ರಕ್ತ ಓಡಾಟವನ್ನೇ ತಡೆಯುತ್ತದೆ.

ಒಳ್ಳೆಯ ಕುಶನ್ ಇದ್ದರೂ ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಭಾರ ಇಳಿಸಲೇಬೇಕು. ಎದೆಯನ್ನು ತೊಡೆಯ ಕಡೆಗೆ ಬಗ್ಗಿಸಿ ಅಥವಾ ಮೊದಲು ಎಡಕ್ಕೆ ಆಮೇಲೆ ಬಲಕ್ಕೆ ಒರಗಿ ಎರಡು ನಿಮಿಷದಷ್ಟು ಹೊತ್ತು ಇರಬೇಕು. ಕೈಯೂರಿ ಮೈ ಎತ್ತುವುದನ್ನು ಅಷ್ಟು ಹೊತ್ತು ಹಿಡಿಯಲಾಗುವುದಿಲ್ಲ, ಹೆಗಲಿಗೂ ಒಳ್ಳೆಯದಲ್ಲ.

ಕುಶನ್ ಬದಲಿಸಿದ ಮೇಲೆ ಒಂದು ಕೆಲಸ ಬಾಕಿ ಇರುತ್ತದೆ, ಬಹಳ ಮನೆಗಳಲ್ಲಿ ಅದು ತಪ್ಪಿಹೋಗುತ್ತದೆ. ನಾಲ್ಕು ಇಂಚಿನ ಕುಶನ್ ಬಂತೆಂದರೆ ಕೂತವರು ಅಷ್ಟು ಮೇಲೇರಿದರು. ಕೈಯಾಸರೆ ಕೆಳಗಾಯಿತು, ಬೆನ್ನಾಸರೆ ಗಿಡ್ಡವಾಯಿತು, ಚಕ್ರ ದೂರವಾಯಿತು, ಪಾದ ಫುಟ್‌ರೆಸ್ಟ್ ಬಿಟ್ಟು ನೇತಾಡತೊಡಗಿತು. ಎಲ್ಲವನ್ನೂ ಮತ್ತೆ ಹೊಂದಿಸಿ.

ಪಾದ ಮತ್ತು ತೊಡೆ

ಮೊಣಕಾಲಿನ ಹತ್ತಿರ ತೊಡೆಗೂ ಕುಶನ್‌ಗೂ ನಡುವೆ ಅಂಗೈ ತೂರಿಸಿ. ಧಾರಾಳವಾಗಿ ಒಳಹೋದರೆ ಫುಟ್‌ರೆಸ್ಟ್ ತೀರಾ ಮೇಲಿದೆ. ತೊಡೆ ಹೊರಬೇಕಾದ ಭಾರವೆಲ್ಲ ಕೂರುವ ಮೂಳೆಗೆ ಹೋಗುತ್ತಿದೆ. ಬೆರಳೂ ತೂರದಷ್ಟು ಬಿಗಿ ಇದ್ದರೆ ತೀರಾ ಕೆಳಗಿದೆ, ಪಾದ ಜೋಮು ಹಿಡಿಯುವುದು ಇದರಿಂದಲೇ. ತೊಡೆ ಉದ್ದಕ್ಕೂ ಕುಶನ್ ಮುಟ್ಟಿರಬೇಕು, ಅಂಚು ಒತ್ತಬಾರದು. ಹೆಚ್ಚಿನ ಕುರ್ಚಿಗಳಲ್ಲಿ ಫುಟ್‌ರೆಸ್ಟ್ ಪೈಪಿನ ಬೋಲ್ಟ್ ಸಡಿಲಿಸಿ ಏರಿಳಿಸಬಹುದು. ನೆಲದಿಂದ ಕನಿಷ್ಠ 5 ಸೆಂ.ಮೀ. ಎತ್ತರ ಉಳಿಯಲಿ. ಕಲ್ಲು ಗುಂಡಿಯ ರಸ್ತೆಗೆ ಇನ್ನೂ ಬೇಕು.

ತಳ್ಳಲು ಭಾರ, ಹೆಗಲು ನೋವು

ಮೊದಲು ಟೈರಿನ ಗಾಳಿ. ಟೈರಿನ ಪಕ್ಕದಲ್ಲಿ ಎಷ್ಟು ಗಾಳಿ ಎಂದು ಅಚ್ಚು ಹಾಕಿರುತ್ತದೆ, ಸೈಕಲ್ ಶಾಪಿನಲ್ಲಿ ಅಷ್ಟು ಹಾಕಿಸಿ. ಅರ್ಧಕ್ಕರ್ಧ ದೂರು ಅಲ್ಲೇ ಮುಗಿಯುತ್ತದೆ.

ಮುಗಿಯದಿದ್ದರೆ ಕೂತವರ ತೋಳನ್ನು ಸಡಿಲವಾಗಿ ಕೆಳಕ್ಕೆ ಬಿಡಿಸಿ. ನಡುಬೆರಳ ತುದಿ ಹಿಂದಿನ ಚಕ್ರದ ಅಚ್ಚಿನ (ನಡುವಿನ ಆಕ್ಸಲ್‌ನ) ಹತ್ತಿರ ಬರಬೇಕು. ಕೈಯನ್ನು ತಳ್ಳುವ ರಿಮ್ಮಿನ ತುತ್ತತುದಿಯಲ್ಲಿಟ್ಟಾಗ ಮೊಣಕೈ 100ರಿಂದ 120 ಡಿಗ್ರಿ ಕೋನದಲ್ಲಿರಬೇಕು, ಅಂದರೆ ಲಂಬಕೋನಕ್ಕಿಂತ ತುಸು ಬಿಚ್ಚಿಕೊಂಡು. ತೋಳು ಪೂರ್ತಿ ನೇರವಾಗಿದ್ದರೆ ಕೂತ ಜಾಗ ಎತ್ತರವಾಯಿತು, ರಿಮ್ಮಿನ ಬರೀ ಮೇಲ್ಭಾಗ ಕೈಗೆ ಸಿಗುತ್ತದೆ. ಮೊಣಕೈ ತೀರಾ ಮಡಚಿದ್ದರೆ ತಗ್ಗಾಯಿತು, ಪ್ರತಿ ಸಲ ಹೆಗಲನ್ನೆತ್ತಿ ತಳ್ಳಬೇಕು. ಕುರ್ಚಿ ಅಗಲವಾದರೆ ತೋಳು ರೆಕ್ಕೆಯ ಹಾಗೆ ಹೊರಕ್ಕೆ ಹರಡುತ್ತದೆ, ಆಗಲೂ ಹೆಗಲಿಗೇ ಪೆಟ್ಟು.

ಅಂಗಡಿ ಕುರ್ಚಿಯಲ್ಲಿ ಹಿಂದಿನ ಚಕ್ರದ ಅಚ್ಚು ಬೆನ್ನಾಸರೆಯ ಪೈಪಿಗೆ ನೇರವಾಗಿ, ಅಲುಗದಂತೆ ಇರುತ್ತದೆ. ಹಾಗಾಗಿ ಭಾರ ಮುಂದಿನ ಚಿಕ್ಕ ಚಕ್ರಗಳ ಮೇಲೆ ಬಿದ್ದು, ಮಣ್ಣಿನಲ್ಲಿ ಅವು ಹೂತುಕೊಳ್ಳುತ್ತವೆ. ಹೊಂದಿಸಬಲ್ಲ ಕುರ್ಚಿಯಲ್ಲಿ ಸಾಲು ತೂತುಗಳ ತಗಡು ಇರುತ್ತದೆ. ಅಚ್ಚನ್ನು ಒಂದು ತೂತು ಮುಂದಕ್ಕೆ ತಂದರೂ ತಳ್ಳುವ ಭಾರ ಎದ್ದು ಕಾಣುವಷ್ಟು ಇಳಿಯುತ್ತದೆ, ರಿಮ್ ಕೈಗೆ ಹೆಚ್ಚು ಸಿಗುತ್ತದೆ. ಅದಕ್ಕೆ ಬೆಲೆಯೂ ಇದೆ: ಕುರ್ಚಿ ಹಿಂದಕ್ಕೆ ಬೇಗ ಮಗುಚುತ್ತದೆ. ಒಂದೊಂದೇ ತೂತು ಸರಿಸಿ, ಹಿಂದೆ ಒಬ್ಬರು ನಿಂತಿರಲಿ, ಮಗುಚು ತಡೆಯುವ ಹಿಂಗಾಲು ಹಾಕಿಸಿ. ಎರಡೂ ಕಾಲು ಕಳೆದುಕೊಂಡವರಿಗೆ ಅಚ್ಚು ಹಿಂದೆಯೇ ಇರಬೇಕು. ಮುಂದೆ ಕಾಲಿನ ಭಾರವಿಲ್ಲದ ಕಾರಣ ಅವರ ಕುರ್ಚಿ ಮೊದಲೇ ಹಿಂದಕ್ಕೆ ಎಳೆಯುತ್ತಿರುತ್ತದೆ.

ತಳ್ಳುವ ರೀತಿಯೂ ಮುಖ್ಯ. ಚಿಕ್ಕ ಚಿಕ್ಕ ಎಳೆತ ಬೇಡ. ಹಿಂದಿನಿಂದ ಹಿಡಿದು ಮುಂದಿನವರೆಗೆ ಉದ್ದಕ್ಕೆ ತಳ್ಳಿ, ಕೈಯನ್ನು ರಿಮ್ಮಿನ ಕೆಳಗಿನಿಂದ ಸಡಿಲವಾಗಿ ಹಿಂದಕ್ಕೆ ತರಬೇಕು.

ಕುರ್ಚಿ ಒಂದು ಕಡೆಗೆ ಎಳೆಯುತ್ತದೆ, ಮುಂದಿನ ಚಕ್ರ ನಡುಗುತ್ತದೆ

ರಸ್ತೆಯ ಇಳಿಜಾರೇ ಎಳೆಯುತ್ತಿರಬಹುದು. ಹೋದ ದಾರಿಯಲ್ಲೇ ತಿರುಗಿ ಬನ್ನಿ: ಈಗ ಇನ್ನೊಂದು ಕೈ ಕಡೆಗೆ ಎಳೆದರೆ ತಪ್ಪು ರಸ್ತೆಯದು, ಅದೇ ಕೈ ಕಡೆಗೆ ಎಳೆದರೆ ಕುರ್ಚಿಯದು. ಎರಡೂ ಟೈರಿನ ಗಾಳಿ ಸಮ ಮಾಡಿ. ಮುಂದಿನ ಚಕ್ರದ ಅಚ್ಚಿಗೆ ತಲೆಗೂದಲು, ದಾರ ಸುತ್ತಿಕೊಂಡಿರುತ್ತದೆ, ಬ್ಲೇಡಿನಲ್ಲಿ ಕೊಯ್ದು ತೆಗೆಯಿರಿ. ಸಮನಾದ ಗ್ರಾನೈಟ್ ನೆಲದಲ್ಲಿ ನಿಲ್ಲಿಸಿ ಪ್ರತಿ ಚಕ್ರದ ಕೆಳಗೆ ಕಾಗದ ತೂರಿಸಿ ನೋಡಿ. ಒಂದು ಚಕ್ರದ ಕೆಳಗೆ ತೂರಿದರೆ ಚೌಕಟ್ಟು ತಿರುಚಿದೆ, ಅದು ವೆಲ್ಡಿಂಗ್ ಅಂಗಡಿಯಲ್ಲಿ ಸುತ್ತಿಗೆಯಿಂದ ಸರಿಯಾಗುವ ಕೆಲಸವಲ್ಲ. ನಡುಗುವ ಚಕ್ರಕ್ಕೆ ಮೇಲಿನ ನಟ್ಟು ಬಿಗಿ ಮಾಡಿ. ಆಗಲೂ ನಡುಗಿದರೆ ಬೇರಿಂಗ್ ಹೋಗಿದೆ. ಬ್ರೇಕ್ ಹಿಡಿಯದಿದ್ದರೆ ಗಾಳಿ ತುಂಬಿಸಿದ ಮೇಲೆಯೇ ಬ್ರೇಕಿನ ಕ್ಲ್ಯಾಂಪ್ ಮುಟ್ಟಿ, ಟೈರ್ ಮೆತ್ತಗಿದ್ದರೆ ಬ್ರೇಕ್ ಹಿಡಿಯುವುದೇ ಇಲ್ಲ.

ಸೀರೆಯ ಸೆರಗು, ಪಂಚೆಯ ತುದಿ ಚಕ್ರಕ್ಕೆ ಸಿಕ್ಕುತ್ತಿದ್ದರೆ ಪಕ್ಕದ ತಗಡು ಸಣ್ಣದಾಯಿತು ಎಂದರ್ಥ. ಎತ್ತರದ ಪ್ಲಾಸ್ಟಿಕ್ ಹಾಳೆ ಕೊಯ್ಸಿ ಸ್ಕ್ರೂ ಹಾಕಿಸಿ.

ಕುರ್ಚಿಯನ್ನೇ ಬದಲಿಸಬೇಕಾದಾಗ

ಪಕ್ಕಕ್ಕೆ ಫೋಮ್, ಬೆನ್ನಿಗೆ ಪ್ಯಾಡ್, ಸೀಟಿಗೆ ಹಲಗೆ ಎಲ್ಲ ಹಾಕಿದ ಮೇಲೂ ತೋಳು ಚಕ್ರಕ್ಕೆ ಎಟುಕದಿದ್ದರೆ ಇನ್ನು ತಿದ್ದುವುದನ್ನು ನಿಲ್ಲಿಸಿ. 18 ಇಂಚಿನ ಸೀಟಿನ ಕುರ್ಚಿ ಹೊರ ಅಗಲದಲ್ಲಿ ಸುಮಾರು 26 ಇಂಚು ಆಗುತ್ತದೆ. ಎರಡೂವರೆ ಅಡಿಯ ಬಚ್ಚಲ ಬಾಗಿಲಿನಲ್ಲಿ ಚೌಕಟ್ಟು, ಕದ ಕಳೆದರೆ ಕೈ ಬೆರಳಿಗೆ ಜಾಗ ಉಳಿಯುವುದಿಲ್ಲ. 16 ಅಥವಾ 14 ಇಂಚಿನ ಸೀಟಿನ ಕುರ್ಚಿ ಮೈಗೂ ಹೊಂದುತ್ತದೆ, ಬಾಗಿಲಿಗೂ ಹೊಂದುತ್ತದೆ. ಮಕ್ಕಳಿಗೆ "ಬೆಳೆದಾಗ ಸರಿಹೋಗುತ್ತೆ" ಎಂದು ದೊಡ್ಡ ಕುರ್ಚಿ ಕೊಡಿಸಬೇಡಿ. ಬೆಳೆಯುವ ಬೆನ್ನು ಕುರ್ಚಿಯ ಸೊಟ್ಟಕ್ಕೇ ಬೆಳೆಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವೀಲ್‌ಚೇರ್ ಕೊಡುವುದನ್ನು ಎಂಟು ಹೆಜ್ಜೆಗಳಾಗಿ ಬಿಡಿಸಿತ್ತು. ಅಳತೆ, ಹೊಂದಿಸುವುದು, ಬಳಸಲು ಕಲಿಸುವುದು, ಆಮೇಲೆ ಮತ್ತೆ ಬಂದು ನೋಡುವುದು ಎಲ್ಲ ಅದರಲ್ಲಿವೆ. 2023ರಲ್ಲಿ ಅದನ್ನು ಪರಿಷ್ಕರಿಸಿತು. ಶಿಬಿರದ ವೇದಿಕೆಯಲ್ಲಿ ಫೋಟೋ ತೆಗೆದು ಕುರ್ಚಿ ಕೈಗಿತ್ತರೆ ಈ ಹೆಜ್ಜೆಗಳಲ್ಲಿ ಹೆಚ್ಚಿನವು ಬಿಟ್ಟುಹೋಗುತ್ತವೆ. ಆದ್ದರಿಂದ ಶಿಬಿರಕ್ಕೆ ಹೋಗುವಾಗಲೇ ನಿಮ್ಮ ನಾಲ್ಕು ಅಳತೆ ಬರೆದ ಚೀಟಿ ಜೊತೆಗಿರಲಿ, ಯಾವ ಅಳತೆಯ ಕುರ್ಚಿ ಎಂದು ಕೇಳಿ. ಅಂಗವಿಕಲರಿಗೆ ಸಾಧನ ಸಲಕರಣೆ ಕೊಡುವ ಕೇಂದ್ರ ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಬರುವ ಕುರ್ಚಿಗಳಲ್ಲಿ ಬಹಳಷ್ಟು ಕಾನ್ಪುರದ ಸರ್ಕಾರಿ ಕಂಪನಿ ಅಲಿಮ್ಕೋ ತಯಾರಿಸಿದವು. ಅರ್ಜಿಯ ದಾರಿ ತಿಳಿಯಲು ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಹಿಡಿಯಿರಿ, ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಸಿದ್ಧವಿರಲಿ. ಅಳತೆ ತೆಗೆದು ಕೂರಿಸಿ ನೋಡಿ ಹೊಂದಿಸಿಕೊಡುವ ಅನುಭವ ಬೆಂಗಳೂರಿನ ಮೊಬಿಲಿಟಿ ಇಂಡಿಯಾ ಮತ್ತು ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿಯಂಥ ಸಂಸ್ಥೆಗಳಿಗಿದೆ. ಕೊಳ್ಳುವ ಶಕ್ತಿ ಇದ್ದರೆ ಐಐಟಿ ಮದ್ರಾಸ್‌ನಲ್ಲಿ ಹುಟ್ಟಿದ ನಿಯೋಮೋಷನ್ ಕಂಪನಿಯ ನಿಯೋಫ್ಲೈ ಕುರ್ಚಿಯನ್ನು ಅಳತೆಗೆ ತಕ್ಕಂತೆ ಮಾಡಿಕೊಡುತ್ತಾರೆ.

ಹೊಸ ಕುರ್ಚಿ ಬಂದ ದಿನ ನಿಂತಲ್ಲೇ ಸಹಿ ಹಾಕಬೇಡಿ. ಕುಶನ್ ಹಾಕಿ ಅರ್ಧ ಗಂಟೆ ಕೂರಿಸಿ. ಮೊಣಕಾಲಿನ ಹಿಂದೆ ಎರಡು ಬೆರಳು, ಸೊಂಟದ ಪಕ್ಕ ಅಂಗೈ, ತೊಡೆಯ ಕೆಳಗೆ ಅಂಗೈ, ಚಕ್ರದ ಅಚ್ಚಿಗೆ ನಡುಬೆರಳು ಇಷ್ಟನ್ನೂ ನೋಡಿ. ಇಳಿಸಿದ ಮೇಲೆ ಚರ್ಮ ನೋಡಿ. ಮೊದಲ ವಾರ ಪ್ರತಿ ರಾತ್ರಿ ಚರ್ಮ ನೋಡಬೇಕು. ಎರಡು ವಾರ ಕಳೆದ ಮೇಲೆ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಿಸಿ, ಬೆರಳ ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿ.